ಅಪಸ್ಮಾರವಿರುವವರು ದಿನವಿಡೀ ಕಂಪ್ಯೂಟರ್ ಮುಂದೆ ಕೆಲಸ ಮಾಡಬಹುದೇ? ರಾಜೀನಾಮೆ ಕೊಡುವ ಮುನ್ನ ಕೇಳುತ್ತಿದ್ದೇನೆ

ಪ್ರಶ್ನೆ: ಮಂಡ್ಯದ ಪ್ರಯಾಣಿಕೆ

ಎಲ್ಲರಿಗೂ ನಮಸ್ಕಾರ. ನನಗೆ 26 ವರ್ಷ. ಮನೆ ಮಂಡ್ಯದಲ್ಲಿ, ಕೆಲಸ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಂಪನಿಯಲ್ಲಿ. ಅಮೆರಿಕದ ಆಸ್ಪತ್ರೆಗಳಿಂದ ಬರುವ ದಾಖಲೆಗಳನ್ನು ಓದಿ, ಒಂದೊಂದು ಕಾಯಿಲೆಗೂ ಚಿಕಿತ್ಸೆಗೂ ಗೊತ್ತುಪಡಿಸಿರುವ ಸಂಕೇತವನ್ನು ನಮೂದಿಸುವುದು ನನ್ನ ಕೆಲಸ. ಒಂಬತ್ತು ಗಂಟೆಯ ಪಾಳಿಯಲ್ಲಿ ಏಳು ಗಂಟೆಯಾದರೂ ಕಣ್ಣು ಪರದೆಯ ಮೇಲೆಯೇ ಇರುತ್ತದೆ.

ನನಗೆ ಅಪಸ್ಮಾರವಿದೆ. ದ್ವಿತೀಯ ಪಿಯುಸಿ ಪರೀಕ್ಷೆಯ ದಿನಗಳಲ್ಲಿ, ರಾತ್ರಿಯೆಲ್ಲ ಓದಿ ಬೆಳಗ್ಗೆ ಸ್ನಾನಕ್ಕೆಂದು ಎದ್ದಾಗ, 17ನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಫಿಟ್ಸ್ ಬಂತು. ಅಂದಿನಿಂದ ಎರಡು ಹೊತ್ತು ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಪದವಿಯ ಮೊದಲ ವರ್ಷದಲ್ಲಿ ಎರಡು ಬಾರಿ ಬಂದದ್ದನ್ನು ಬಿಟ್ಟರೆ ಆಮೇಲೆ ವರ್ಷಗಟ್ಟಲೆ ಏನೂ ಇರಲಿಲ್ಲ. ಈ ಕೆಲಸಕ್ಕೆ ಸೇರಿ ಒಂದೂವರೆ ವರ್ಷವಾಯಿತು. ಕಳೆದ ಎಂಟು ತಿಂಗಳಲ್ಲಿ ನಾಲ್ಕು ಬಾರಿ ಫಿಟ್ಸ್ ಬಂದಿದೆ. ಒಮ್ಮೆ ಮನೆಯಲ್ಲಿ, ಒಮ್ಮೆ ಪಾಂಡವಪುರ ನಿಲ್ದಾಣ ದಾಟಿದ ಮೇಲೆ ರೈಲಿನಲ್ಲಿ, ಮತ್ತೊಮ್ಮೆ ಮನೆಯಲ್ಲಿ, ಕೊನೆಯದು ಕಚೇರಿಯಲ್ಲಿ ಕಂಪ್ಯೂಟರ್ ಮುಂದೆಯೇ. ಆ ದಿನ ಸಹೋದ್ಯೋಗಿಗಳು ಗಾಬರಿಯಲ್ಲಿ ನನ್ನ ಕೈಗೆ ಬೀಗದ ಕೈ ಹಿಡಿಸಿ, ಹಲ್ಲುಗಳ ನಡುವೆ ಚಮಚ ತುರುಕಲು ಹೋದದ್ದರಿಂದ ಮುಂದಿನ ಹಲ್ಲಿನ ಅಂಚು ಮುರಿದಿದೆ. ಅವರ ಮೇಲೆ ನನಗೆ ಕೋಪವಿಲ್ಲ. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನಾನೂ ಹೇಳಿರಲಿಲ್ಲ.

ಮರುದಿನದಿಂದ ಎಲ್ಲರ ಬಾಯಲ್ಲೂ ಒಂದೇ ಮಾತು. ಪರದೆ ನೋಡಿ ನೋಡಿಯೇ ಹೀಗಾಯಿತೆಂದು ಮೇಲ್ವಿಚಾರಕರು ಹೇಳಿದರು. ಅಮ್ಮ ಅದನ್ನೇ ಹಿಡಿದುಕೊಂಡು, ಸಾಕು ಈ ಕೆಲಸ, ಮನೆಯಲ್ಲಿರು, ಗಂಡು ನೋಡುತ್ತೇವೆ ಎನ್ನುತ್ತಿದ್ದಾರೆ. ನನ್ನ ಸಂಬಳದಿಂದ ತಮ್ಮನ ಓದು ನಡೆಯುತ್ತಿದೆ. ಅದಕ್ಕಿಂತ ಹೆಚ್ಚಾಗಿ ಈ ಕೆಲಸ ನನಗೆ ಇಷ್ಟ. ಇತ್ತೀಚೆಗೆ ಬೆಳಗಿನ ಹೊತ್ತು ಮೌಸ್ ಹಿಡಿದ ಕೈ ಒಮ್ಮೊಮ್ಮೆ ಬೆಚ್ಚಿಬಿದ್ದಂತೆ ಎಗರುತ್ತದೆ. ಮನೆಯಲ್ಲಿ ಕಾಫಿ ಲೋಟವೂ ಎರಡು ಸಲ ಕೈಯಿಂದ ಹಾರಿ ಬಿತ್ತು. ಸದಾ ಕೀಲಿಮಣೆ ಬಳಸುವುದರಿಂದ ನರ ದುರ್ಬಲವಾಗಿರಬೇಕೆಂದುಕೊಂಡಿದ್ದೇನೆ.

ನಿಜವಾಗಿಯೂ ಕಂಪ್ಯೂಟರ್ ಪರದೆಯಿಂದ ಫಿಟ್ಸ್ ಬರುತ್ತದೆಯೇ? ಕನ್ನಡಕದ ಅಂಗಡಿಯವರು ನೀಲಿ ಬೆಳಕು ತಡೆಯುವ ಕನ್ನಡಕ ಕೊಳ್ಳಲು ಹೇಳುತ್ತಿದ್ದಾರೆ, ಅದರಿಂದ ಪ್ರಯೋಜನವಿದೆಯೇ? ಇದೇ ಕಾಯಿಲೆಯೊಡನೆ ಇಂಥ ಕೆಲಸ ಮಾಡುತ್ತಿರುವವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ನಿಲ್ದಾಣದಿಂದ ಕಚೇರಿಗೆ ಸ್ಕೂಟರಿನಲ್ಲಿ ಹೋಗುವುದರಿಂದ ಪ್ರಯಾಣದ ಆಯಾಸ ಹೆಚ್ಚೇನಿಲ್ಲ.

ಉತ್ತರ: ಕುವೆಂಪುನಗರದ ನಿವಾಸಿ

ನಿಮ್ಮ ಪ್ರಶ್ನೆಯನ್ನು ಎರಡು ಬಾರಿ ಓದಿದೆ. ನನಗೂ ಅಪಸ್ಮಾರವಿದೆ; ಅದರಲ್ಲೂ ಬೆಳಕಿನ ಮಿನುಗುವಿಕೆಗೆ ಪ್ರತಿಕ್ರಿಯಿಸುವ ಬಗೆಯದು. ಹಾಗಿದ್ದೂ 14 ವರ್ಷಗಳಿಂದ ಕಂಪ್ಯೂಟರ್ ಮುಂದೆಯೇ ದುಡಿಯುತ್ತಿದ್ದೇನೆ.

ಬೆಳಕಿಗೆ ಸ್ಪಂದಿಸುವ ಅಪಸ್ಮಾರವೆಂಬುದು ಇದೆ, ಆದರೆ ಅದು ಎಲ್ಲರಿಗೂ ಇರುವುದಿಲ್ಲ. ಅಪಸ್ಮಾರವಿರುವ ನೂರು ಜನರಲ್ಲಿ ಸುಮಾರು ಮೂವರಿಗೆ ಮಾತ್ರ ಅದು ಇರುತ್ತದೆ, ಹರೆಯದವರಲ್ಲಿ ಹೆಚ್ಚು. ಅವರಿಗೂ ಪರದೆಯನ್ನು ನೋಡುವುದೇ ತೊಂದರೆಯಲ್ಲ. ಪರದೆಯಲ್ಲಿ ಏನು ಮಿನುಗುತ್ತಿದೆ, ಸೆಕೆಂಡಿಗೆ ಎಷ್ಟು ಬಾರಿ, ಎಷ್ಟು ದೊಡ್ಡದಾಗಿ ಎಂಬುದು ಮುಖ್ಯ. ಸೆಕೆಂಡಿಗೆ 3ರಿಂದ 30 ಬಾರಿಯ ನಡುವೆ ಮಿನುಗುವ ಬೆಳಕು ಅಪಾಯಕಾರಿ. ಅದರಲ್ಲೂ 15ರಿಂದ 20ರ ಆಸುಪಾಸು ಹೆಚ್ಚು ಜನರನ್ನು ಕೆಡವುತ್ತದೆ. ಕಡುಗೆಂಪು ಬಣ್ಣ ಇನ್ನೂ ಕೆಟ್ಟದ್ದು. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಟಿ.ವಿ.ಯ ಒಂದು ಕಾರ್ಟೂನ್ ಕಂತಿನಲ್ಲಿ ಕೆಂಪು ನೀಲಿ ಬೆಳಕು ಸೆಕೆಂಡಿಗೆ ಸುಮಾರು 12 ಬಾರಿ ಮಿನುಗಿದಾಗ ಅದೊಂದೇ ಸಂಜೆ 600ಕ್ಕೂ ಹೆಚ್ಚು ಮಂದಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಜಾಲತಾಣಗಳಿಗಾಗಿ 2008ರಲ್ಲಿ ಹೊರಬಂದ ಅಂತರರಾಷ್ಟ್ರೀಯ ಸುಗಮ್ಯತಾ ಮಾರ್ಗಸೂಚಿಯೂ ಪುಟದಲ್ಲಿ ಯಾವುದೂ ಒಂದು ಸೆಕೆಂಡಿನಲ್ಲಿ ಮೂರಕ್ಕಿಂತ ಹೆಚ್ಚು ಬಾರಿ ಮಿನುಗಬಾರದೆಂದು ಹೇಳುತ್ತದೆ.

ಈಗ ನಿಮ್ಮ ಕೆಲಸವನ್ನು ಯೋಚಿಸಿ. ಬಿಳಿ ಹಿನ್ನೆಲೆಯ ಮೇಲೆ ನಿಂತ ಅಕ್ಷರಗಳನ್ನು ಓದುವುದು ಮಿನುಗುವಿಕೆಯೇ ಅಲ್ಲ. ಹಳೆಯ ಡಬ್ಬದಂಥ ಮಾನಿಟರುಗಳು ಚಿತ್ರವನ್ನು ಸೆಕೆಂಡಿಗೆ ಅರವತ್ತೋ ಎಪ್ಪತ್ತೋ ಬಾರಿ ಅಳಿಸಿ ಬರೆಯುತ್ತಿದ್ದವು; ದೊಡ್ಡವರ ಹೆದರಿಕೆ ಆ ಕಾಲದ್ದು. ಈಗಿನ ಚಪ್ಪಟೆ ಪರದೆಗಳಲ್ಲಿ ಚಿತ್ರ ಹಾಗೆ ಆರಿ ಹತ್ತುವುದಿಲ್ಲ. ಮಿಟುಕುವ ಕರ್ಸರ್ ಸೆಕೆಂಡಿಗೆ ಒಂದು ಸಲದಷ್ಟು ನಿಧಾನ, ಗಾತ್ರವೂ ಕಡ್ಡಿಯಷ್ಟು. ಆದರೂ ಮನಸ್ಸಿಗೆ ಕಿರಿಕಿರಿಯಾದರೆ ವಿಂಡೋಸ್‌ನಲ್ಲಿ ಅದನ್ನು ನಿಲ್ಲಿಸಬಹುದು. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ವಿಭಾಗದಲ್ಲಿ ಚಲನೆಯ ಪರಿಣಾಮಗಳನ್ನೂ ಆರಿಸಬಹುದು. ನಾನು ಬ್ರೌಸರಿನಲ್ಲಿ ವಿಡಿಯೊಗಳು ತಾವಾಗಿ ಓಡದಂತೆ ಮಾಡಿಕೊಂಡಿದ್ದೇನೆ. ಕಪ್ಪು ಬಿಳುಪಿನ ಪಟ್ಟೆಗಳಿರುವ ಉದ್ದನೆಯ ಕೋಷ್ಟಕವನ್ನು ವೇಗವಾಗಿ ಸರಿಸುವುದು ನನಗೆ ಆಗುವುದಿಲ್ಲವಾದ್ದರಿಂದ ಪಟ್ಟೆಗಳ ಬಣ್ಣವನ್ನು ತಿಳಿಗೊಳಿಸಿ, ಪುಟ ಪುಟವಾಗಿ ಇಳಿಯುತ್ತೇನೆ.

ಇನ್ನೊಂದು ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇದು ನನಗೆ ಗೊತ್ತಾಗಲು ಮೂರು ವರ್ಷ ಹಿಡಿಯಿತು. ನಾನೂ ಪರದೆಯನ್ನೇ ಶಂಕಿಸಿ ಎರಡು ಮಾನಿಟರ್ ಬದಲಾಯಿಸಿದ್ದೆ. ತಪ್ಪಿದ್ದದ್ದು ತಲೆಯ ಮೇಲೆ. ಮನೆಯ ಕೋಣೆಯಲ್ಲಿ ಬಲ್ಬು ಚಾವಣಿಯಲ್ಲಿತ್ತು, ಅದರ ಕೆಳಗೆ ಫ್ಯಾನು. ಮೂರು ರೆಕ್ಕೆಯ ಫ್ಯಾನು ನಿಮಿಷಕ್ಕೆ 300 ಸುತ್ತು ಸುತ್ತಿದರೆ ಸೆಕೆಂಡಿಗೆ ಐದು ಸುತ್ತು. ಒಂದೊಂದು ಸುತ್ತಿಗೂ ಮೂರು ಸಲ ರೆಕ್ಕೆ ಬೆಳಕನ್ನು ಕತ್ತರಿಸುತ್ತದೆ. ಅಲ್ಲಿಗೆ ಸೆಕೆಂಡಿಗೆ 15 ಬಾರಿ ನೆರಳು ಬೆಳಕು ಮೇಜಿನ ಮೇಲೂ ಪರದೆಯ ಮೇಲೂ ಕುಣಿಯುತ್ತಿತ್ತು. ಅದು ನೇರವಾಗಿ ಅಪಾಯದ ಲೆಕ್ಕಕ್ಕೇ ಬಂದು ಕೂತಿತ್ತು. ದೀಪವನ್ನು ಗೋಡೆಗೆ ಹಾಕಿಸಿದ ಮೇಲೆ ಆ ತೊಂದರೆ ಹೋಯಿತು. ಸ್ಟಾರ್ಟರ್ ಕೆಟ್ಟು ಹತ್ತಿ ಆರುವ ಟ್ಯೂಬ್‌ಲೈಟ್, ದಸರೆಯಲ್ಲಿ ಸಯ್ಯಾಜಿರಾವ್ ರಸ್ತೆಯ ಮಿನುಗುವ ದೀಪಸಾಲು, ಓಡುವ ರೈಲಿನ ಕಿಟಕಿಯಲ್ಲಿ ಮರಗಳ ನಡುವೆ ತೂರಿ ಬರುವ ಎಳೆಬಿಸಿಲು ಇವೆಲ್ಲ ಅದೇ ಬಗೆಯವು. ಅರಮನೆಯ ದೀಪಗಳಿಂದ ನನಗೆ ಏನೂ ಆಗುವುದಿಲ್ಲ. ಅವು ಒಮ್ಮೆ ಹತ್ತಿದರೆ ನಿಶ್ಚಲವಾಗಿ ಉರಿಯುತ್ತವೆ. ಎಲ್ಲಾದರೂ ಮಿನುಗುವ ಬೆಳಕಿಗೆ ಸಿಕ್ಕಿಬಿದ್ದರೆ ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿ ಮುಖ ತಿರುಗಿಸಿಕೊಳ್ಳಬೇಕು. ಎರಡೂ ಕಣ್ಣು ಮುಚ್ಚಿದರೆ ಸಾಲದು. ರೆಪ್ಪೆಯ ಮೂಲಕ ಬೆಳಕು ಕೆಂಪಾಗಿ ಒಳಗೆ ಬರುತ್ತಲೇ ಇರುತ್ತದೆ.

ಕನ್ನಡಕದ ಬಗ್ಗೆ ಹೇಳುವುದಾದರೆ, ಅಂಗಡಿಯಲ್ಲಿ ಕಂಪ್ಯೂಟರಿಗೆಂದು ಮಾರುವ ಕನ್ನಡಕ ಫಿಟ್ಸ್ ತಡೆಯುತ್ತದೆಂದು ನಂಬಿ ಹಣ ಹಾಕಬೇಡಿ. ಬೆಳಕಿಗೆ ಸ್ಪಂದಿಸುವವರಿಗೆಂದೇ ಕಡುನೀಲಿ ಬಣ್ಣದ ವಿಶೇಷ ಮಸೂರಗಳಿವೆ. ಅವು ಬೇರೆ, ಅವನ್ನು ಪರೀಕ್ಷೆ ಮಾಡಿ ವೈದ್ಯರೇ ಹೇಳಬೇಕು.

ನಿಮ್ಮ ಪತ್ರದಲ್ಲಿ ನನ್ನನ್ನು ಹೆದರಿಸಿದ್ದು ಪರದೆಯಲ್ಲ, ಸ್ಕೂಟರ್. ಎಂಟು ತಿಂಗಳಲ್ಲಿ ನಾಲ್ಕು ಬಾರಿ ಪ್ರಜ್ಞೆ ತಪ್ಪಿರುವವರು ಹೆಬ್ಬಾಳದ ವರ್ತುಲ ರಸ್ತೆಯಲ್ಲಿ ವಾಹನ ಓಡಿಸಬಾರದು. ಚಾಲನಾ ಪರವಾನಗಿಯ ಅರ್ಜಿಯೊಂದಿಗೆ ಕೊಡುವ ಆರೋಗ್ಯದ ಘೋಷಣೆಯಲ್ಲಿ ಅಪಸ್ಮಾರ ಇದೆಯೇ ಎಂದು ನೇರವಾಗಿಯೇ ಕೇಳಿರುತ್ತಾರೆ. ದಯವಿಟ್ಟು ನಾಳೆಯಿಂದಲೇ ಬಸ್ಸು ಹಿಡಿಯಿರಿ.

ಉತ್ತರ: ನಿವೃತ್ತ ಇಇಜಿ ತಂತ್ರಜ್ಞೆ, ಮೈಸೂರು

ನಾನು ವೈದ್ಯೆಯಲ್ಲ. ಮೂವತ್ತು ವರ್ಷ ರೋಗಿಗಳ ತಲೆಗೆ ತಂತಿ ಅಂಟಿಸಿ ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿದವಳು. ಆದ್ದರಿಂದ ಇಲ್ಲಿ ಬರೆಯುವುದನ್ನು ನಿಮ್ಮ ನರರೋಗ ತಜ್ಞರ ಮುಂದೆ ಇಡಬೇಕಾದ ವಿಷಯವೆಂದು ಮಾತ್ರ ತೆಗೆದುಕೊಳ್ಳಿ, ಮಗಳೇ.

ನೀನು ಕೊನೆಯಲ್ಲಿ, ಹೇಳಲೋ ಬೇಡವೋ ಎಂಬಂತೆ ಬರೆದ ಮಾತೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ಬೆಳಗಿನ ಹೊತ್ತು ಕೈ ಬೆಚ್ಚಿಬಿದ್ದಂತೆ ಎಗರುವುದು, ಲೋಟ ಹಾರಿ ಬೀಳುವುದು ಕೀಲಿಮಣೆಯಿಂದ ಆದ ನರದೌರ್ಬಲ್ಯವೆಂದು ತೀರ್ಮಾನಿಸಬೇಡ. ಹರೆಯದಲ್ಲಿ ಶುರುವಾಗುವ ಒಂದು ಬಗೆಯ ಅಪಸ್ಮಾರದಲ್ಲಿ ನಿದ್ದೆಯಿಂದ ಎದ್ದ ಒಂದೆರಡು ಗಂಟೆಯಲ್ಲಿ ಕೈ, ಭುಜ ಹೀಗೆಯೇ ಎಗರುತ್ತವೆ. ಪ್ರಜ್ಞೆ ಇರುತ್ತದೆ, ಆದ್ದರಿಂದ ಯಾರೂ ಅದನ್ನು ಫಿಟ್ಸ್ ಎಂದು ಎಣಿಸುವುದಿಲ್ಲ. ವೈದ್ಯರು ಇದನ್ನು ಮಯೋಕ್ಲೋನಿಕ್ ಜರ್ಕ್ ಎನ್ನುತ್ತಾರೆ. ನಮ್ಮ ವಿಭಾಗಕ್ಕೆ ಬರುತ್ತಿದ್ದ ಹುಡುಗ ಹುಡುಗಿಯರನ್ನು ನಾನು ಮೊದಲು ಕೇಳುತ್ತಿದ್ದದ್ದೇ, ಬೆಳಗ್ಗೆ ಹಲ್ಲುಜ್ಜುವಾಗ ಬ್ರಷ್ಷು ಕೈಯಿಂದ ಹಾರುತ್ತದೆಯೇ ಎಂದು. ಹೌದೆಂದ ತಾಯಂದಿರಲ್ಲಿ ಎಷ್ಟೋ ಜನ ಅದನ್ನು ಮಕ್ಕಳ ಅಜಾಗರೂಕತೆಯೆಂದು ಬೈದಿರುತ್ತಿದ್ದರು.

ಇದು ಏಕೆ ಮುಖ್ಯವೆಂದರೆ, ಮಾತ್ರೆಯ ಆಯ್ಕೆ ಇದರ ಮೇಲೆ ನಿಂತಿದೆ. ಬೇರೆ ಬಗೆಯ ಅಪಸ್ಮಾರಕ್ಕೆ ಚೆನ್ನಾಗಿ ಕೆಲಸ ಮಾಡುವ ಕಾರ್ಬಮಜೆಪೀನ್‌ನಂಥ ಔಷಧ ಈ ಎಗರುವಿಕೆಯನ್ನು ಹೆಚ್ಚಿಸಬಲ್ಲದು. ಈ ಬಗೆಗೆ ಪರಿಣಾಮಕಾರಿಯಾದ ವ್ಯಾಲ್‌ಪ್ರೊಯೇಟ್ ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡಬಹುದಾದ್ದರಿಂದ ನಿನ್ನ ವಯಸ್ಸಿನ ಹೆಣ್ಣುಮಕ್ಕಳಿಗೆ ಬೇರೆ ಔಷಧಗಳನ್ನು ಮೊದಲು ಯೋಚಿಸುತ್ತಾರೆ. ಹಾಗೆಂದು ಇದನ್ನು ಓದಿ ನಿನ್ನ ಮಾತ್ರೆಯನ್ನು ನೀನೇ ನಿಲ್ಲಿಸಿದೆಯೋ, ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿಲ್ಲ. ದಿಢೀರನೆ ಮಾತ್ರೆ ಬಿಟ್ಟವರು ಒಂದರ ಹಿಂದೊಂದು ಫಿಟ್ಸ್ ಬಂದು ತುರ್ತು ಘಟಕ ಸೇರಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಇನ್ನು ಪರದೆಯ ಸಂದೇಹ. ಅದನ್ನು ಊಹೆಯಿಂದಲ್ಲ, ಪರೀಕ್ಷೆಯಿಂದ ಬಿಡಿಸಬಹುದು. ಇಇಜಿ ಮಾಡುವಾಗ ಮುಖದ ಮುಂದೆ ಒಂದು ದೀಪವಿಟ್ಟು ಬೇರೆ ಬೇರೆ ವೇಗದಲ್ಲಿ ಮಿನುಗಿಸುತ್ತೇವೆ, ಕಣ್ಣು ತೆರೆಸಿ, ಮುಚ್ಚಿಸಿ ನೋಡುತ್ತೇವೆ. ಇದರ ಫಲಿತಾಂಶ ವರದಿಯಲ್ಲಿ ಫೋಟಿಕ್ ಸ್ಟಿಮ್ಯುಲೇಷನ್ ಎಂಬ ಸಾಲಿನಲ್ಲಿರುತ್ತದೆ. ನಿನ್ನ ಹಳೆಯ ವರದಿ ಮನೆಯಲ್ಲಿದ್ದರೆ ಆ ಸಾಲನ್ನು ಹುಡುಕು. ನಾನು ಕಂಡಂತೆ ಹೆಚ್ಚಿನವರ ವರದಿಯಲ್ಲಿ ಆ ಸಾಲು ಇರುತ್ತದೆ, ಅದನ್ನು ಓದಿದವರು ಮಾತ್ರ ಯಾರೂ ಇರುವುದಿಲ್ಲ.

ಮತ್ತೊಂದು ಪ್ರಶ್ನೆಗೆ ನೀನು ಉತ್ತರ ಕೊಡಬೇಕು. ಅಮೆರಿಕದ ಆಸ್ಪತ್ರೆಗಳ ಕೆಲಸವೆಂದೆ. ನಿನಗೆ ರಾತ್ರಿ ಪಾಳಿ ಇದೆಯೇ? ಆ ನಾಲ್ಕು ಫಿಟ್ಸ್ ಯಾವ ದಿನ, ಎಷ್ಟು ಹೊತ್ತಿಗೆ ಬಂದವು, ಹಿಂದಿನ ರಾತ್ರಿ ಎಷ್ಟು ಗಂಟೆ ಮಲಗಿದ್ದೆ, ಮಾತ್ರೆ ಎಷ್ಟು ಹೊತ್ತಿಗೆ ತೆಗೆದುಕೊಂಡಿದ್ದೆ, ತಿಂಗಳ ಮುಟ್ಟಿನ ದಿನಗಳೇ ಎಂಬುದನ್ನು ಕ್ಯಾಲೆಂಡರ್ ಮುಂದಿಟ್ಟುಕೊಂಡು ಬರೆ. ಮೊದಲ ಫಿಟ್ಸ್ ಕೂಡ ರಾತ್ರಿಯಿಡೀ ಓದಿದ ಬೆಳಗ್ಗೆ ಬಂತೆಂದು ನೀನೇ ಹೇಳಿದ್ದೀಯೆ. ಆಗ ನಿನ್ನ ಮುಂದೆ ಕಂಪ್ಯೂಟರ್ ಇರಲಿಲ್ಲ, ಪುಸ್ತಕವಿತ್ತು.

ಉತ್ತರ: ಮಳವಳ್ಳಿಯ ಶಿಕ್ಷಕ

ಮೇಲಿನವರು ಹೇಳಿದ್ದಕ್ಕೆ ನಮ್ಮ ಸೀಮೆಯದೇ ಒಂದು ಮಾತನ್ನು ಸೇರಿಸುತ್ತೇನೆ. ನನ್ನ ಮಗ ಹತ್ತನೆಯ ತರಗತಿಯಲ್ಲಿದ್ದಾಗ ಅವನಿಗೆ ಫಿಟ್ಸ್ ಬರಲು ಮೊಬೈಲ್ ಆಟವೇ ಕಾರಣವೆಂದು ನಾವು ಅದನ್ನು ಕಿತ್ತಿಟ್ಟೆವು. ಆದರೂ ಬಂತು. ವೈದ್ಯರು ವಿಚಾರಿಸಿದಾಗ ಪ್ರತಿ ಸಲವೂ ಭಾನುವಾರ, ಹಂಡೆಯ ಸುಡುಸುಡು ನೀರನ್ನು ಚೊಂಬಿನಲ್ಲಿ ತಲೆಗೆ ಎರೆದುಕೊಳ್ಳುವಾಗಲೇ ಬಂದಿದೆಯೆಂದು ತಿಳಿಯಿತು. ಬಿಸಿನೀರಿನ ಅಪಸ್ಮಾರವೆಂಬ ಈ ಬಗೆ ದಕ್ಷಿಣ ಕರ್ನಾಟಕದಲ್ಲಿ ವಿಶೇಷವಾಗಿ ಹೆಚ್ಚು. ನಮ್ಮ ಪಕ್ಕದ ಯಳಂದೂರು ಸೀಮೆಯಲ್ಲಿ ಮನೆ ಮನೆ ತಿರುಗಿ ಮಾಡಿ 1998ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಲಕ್ಷಕ್ಕೆ 255 ಜನರಲ್ಲಿ ಇದು ಕಂಡುಬಂತೆಂದು ನಿಮ್ಹಾನ್ಸ್‌ಗೆ ಹೋಗಿದ್ದಾಗ ತಿಳಿಸಿದರು. ಈಗ ಅವನು ಉಗುರು ಬೆಚ್ಚಗಿನ ನೀರನ್ನು ಮೊದಲು ಮೈಗೆ, ಆಮೇಲೆ ತಲೆಗೆ ನಿಧಾನವಾಗಿ ಹಾಕಿಕೊಳ್ಳುತ್ತಾನೆ, ಬಾಗಿಲ ಚಿಲಕ ಹಾಕುವುದಿಲ್ಲ. ಮೊಬೈಲ್ ಅವನ ಕೈಗೆ ವಾಪಸು ಬಂದಿದೆ.

ನಿಮ್ಮದು ಇದೇ ಎಂದು ನಾನು ಹೇಳುತ್ತಿಲ್ಲ, ತಂಗಿ. ನಾವು ತಪ್ಪು ವಸ್ತುವನ್ನು ದೂರಿ ಎರಡು ವರ್ಷ ಕಳೆದೆವು. ನೀವು ತಪ್ಪು ವಸ್ತುವನ್ನು ದೂರಿ ಜೀವನೋಪಾಯವನ್ನೇ ಕಳೆದುಕೊಳ್ಳಬಾರದು. ಮದುವೆಯ ವಿಷಯದಲ್ಲಿ ನಿಮ್ಮ ತಾಯಿಯವರಿಗೆ ಒಂದು ಮಾತು ತಿಳಿಸಿ: ಅಪಸ್ಮಾರವಿದ್ದವರ ಮದುವೆಗೆ ಹಿಂದೂ ವಿವಾಹ ಕಾಯ್ದೆಯಲ್ಲಿದ್ದ ಅಡ್ಡಿಯನ್ನು 1999ರ ತಿದ್ದುಪಡಿಯಲ್ಲೇ ತೆಗೆದುಹಾಕಿದ್ದಾರೆ. ಗಂಡಿನ ಕಡೆಯವರಿಗೆ ಮುಚ್ಚಿಡುವ ಅಗತ್ಯವೂ ಇಲ್ಲ, ಮುಚ್ಚಿಡಲೂಬಾರದು.

ಉತ್ತರ: ತಂಡದ ಮೇಲ್ವಿಚಾರಕ, ವಿಜಯನಗರ, ಮೈಸೂರು

ನಾನು ನಿಮ್ಮ ಮೇಲ್ವಿಚಾರಕರ ಜಾಗದಲ್ಲಿ ಕೂತಿರುವವನು. ಬೇರೆ ಕಂಪನಿ, ಬಹುಮಟ್ಟಿಗೆ ಅದೇ ಬಗೆಯ ಕೆಲಸ. ನಾನು ಮಾಡಿದ ಒಂದು ತಪ್ಪನ್ನು ಹೇಳಬೇಕಾಗಿದೆ.

ನನ್ನ ತಂಡದಲ್ಲಿದ್ದ ಒಬ್ಬ ಹುಡುಗ ಆಗಾಗ ಮಾತಿನ ನಡುವೆಯೇ ನಿಂತು ಪರದೆಯನ್ನು ಅರ್ಧ ನಿಮಿಷ ದಿಟ್ಟಿಸುತ್ತಿದ್ದ, ಬೆರಳಿನಿಂದ ಅಂಗಿಯ ಗುಂಡಿ ತಡಕುತ್ತಿದ್ದ, ಆಮೇಲೆ ತೆರೆದಿದ್ದ ಕಡತದಲ್ಲಿ ಏನೋ ಅಳಿಸಿಬಿಡುತ್ತಿದ್ದ. ಕೆಲಸದಲ್ಲಿ ಗಮನವಿಲ್ಲವೆಂದು ಎರಡು ಬಾರಿ ಲಿಖಿತ ಎಚ್ಚರಿಕೆ ಕೊಟ್ಟೆ. ಅದು ಕೂಡ ಫಿಟ್ಸಿನ ಒಂದು ರೂಪ, ನೆಲಕ್ಕೆ ಬಿದ್ದು ಒದ್ದಾಡಿದರೆ ಮಾತ್ರ ಫಿಟ್ಸ್ ಅಲ್ಲ ಎಂಬುದು ನನಗೆ ಗೊತ್ತಾಗುವಷ್ಟರಲ್ಲಿ ಅವನು ಕೆಲಸ ಬಿಟ್ಟಿದ್ದ. ಅವನು ಹೇಳಿರಲಿಲ್ಲ, ನಿಜ. ಹೇಳಬಹುದಾದ ಮನುಷ್ಯನಾಗಿ ನಾನು ಅವನಿಗೆ ಕಂಡಿರಲಿಲ್ಲವೆಂಬುದೂ ಅಷ್ಟೇ ನಿಜ.

ಆದ್ದರಿಂದ ನನ್ನ ಸಲಹೆ: ಬರೆದು ಕೊಡಿ. ವೈದ್ಯರಿಂದ ಒಂದು ಪತ್ರ ಪಡೆಯಿರಿ. ಅದರಲ್ಲಿ ಈ ವ್ಯಕ್ತಿ ಕಂಪ್ಯೂಟರ್ ಕೆಲಸ ಮಾಡಬಹುದು, ರಾತ್ರಿ ಪಾಳಿ ಕೂಡದು ಎಂದು ಎರಡೇ ಸಾಲಿದ್ದರೂ ಸಾಕು. ಕಾಯಿಲೆಯ ಇತಿಹಾಸವನ್ನೆಲ್ಲ ಕಂಪನಿಗೆ ಒಪ್ಪಿಸಬೇಕಾಗಿಲ್ಲ. ಒಂದು ವಿಷಯವನ್ನು ಮಾತ್ರ ಮೊದಲೇ ತಿಳಿದಿರಿ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಪಟ್ಟಿ ಮಾಡಿರುವ 21 ವಿಧಗಳಲ್ಲಿ ಅಪಸ್ಮಾರದ ಹೆಸರಿಲ್ಲ. ಹೀಗಾಗಿ ಆ ಕಾಯ್ದೆಯನ್ನು ತೋರಿಸಿ ವಾದಿಸುವುದಕ್ಕಿಂತ ವೈದ್ಯರ ಪತ್ರವನ್ನೂ ನಿಮ್ಮ ಕೆಲಸದ ಗುಣಮಟ್ಟದ ಅಂಕಗಳನ್ನೂ ಒಟ್ಟಿಗೆ ಇಟ್ಟು ಮಾತನಾಡುವುದು ಹೆಚ್ಚು ಫಲ ಕೊಡುತ್ತದೆ. ಈ ಕಾಯಿಲೆಯನ್ನು ಪಟ್ಟಿಯಿಂದ ಹೊರಗಿಟ್ಟದ್ದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಕೂರುವ ಜಾಗದ ಬಗ್ಗೆಯೂ ಕೇಳಿ. ಮೆಟ್ಟಿಲ ಬದಿ, ಗಾಜಿನ ಗೋಡೆಯ ಪಕ್ಕ ಬೇಡ. ಕೈಯಾಸರೆ ಇರುವ ಕುರ್ಚಿ ಇರಲಿ, ಮೇಜಿನ ಚೂಪು ಅಂಚು ಎದೆಗೂ ತಲೆಗೂ ತಾಗದಷ್ಟು ಜಾಗವಿರಲಿ, ಒಬ್ಬಂಟಿಯಾಗಿ ಮೂಲೆಯಲ್ಲಿ ಕೂರಿಸದಿರಲಿ. ಕಡತ ತಾನಾಗಿ ಉಳಿಯುವ ವ್ಯವಸ್ಥೆ ಚಾಲೂ ಇರಲಿ. ಫಿಟ್ಸ್ ಮುಗಿದ ಮೇಲಿನ ಗೊಂದಲದಲ್ಲಿ ಕೈ ಏನನ್ನು ಒತ್ತುತ್ತದೆಂಬುದು ಗೊತ್ತಾಗುವುದಿಲ್ಲ. ಮಾತ್ರೆ ನುಂಗಿದ ಗಂಟೆಯೊಳಗೆ ಅಕ್ಷರಗಳು ಎರಡೆರಡಾಗಿ ಕಂಡರೆ ಪರದೆಯನ್ನು ದೂರಬೇಡಿ, ಅದು ಔಷಧದ ಪರಿಣಾಮವಿರಬಹುದು, ವೈದ್ಯರಿಗೆ ಹೇಳಿ.

ಅಕ್ಕಪಕ್ಕ ಕೂರುವ ಮೂವರಿಗೆ ಮಾತ್ರ ಹೀಗೆ ಹೇಳಿಕೊಡಿ: ಬಾಯಿಗೆ ಏನನ್ನೂ ಹಾಕಬಾರದು. ಕೈಗೆ ಬೀಗದ ಕೈ, ಕಬ್ಬಿಣ, ಮೂಗಿಗೆ ಈರುಳ್ಳಿ, ಚಪ್ಪಲಿ ಯಾವುದೂ ಬೇಡ. ಅವುಗಳಿಂದ ಫಿಟ್ಸ್ ನಿಲ್ಲುವುದಿಲ್ಲ, ಅದು ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಲ್ಲುವಂಥದ್ದು, ನಿಂತ ಹೊತ್ತಿಗೆ ಕೈಯಲ್ಲಿದ್ದ ಕಬ್ಬಿಣಕ್ಕೆ ಹೆಸರು ಬಂದಿದೆ ಅಷ್ಟೆ. ಕೈಕಾಲು ಅದುಮಿ ಹಿಡಿಯಬಾರದು. ಕುರ್ಚಿ ಮೇಜು ಸರಿಸಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಟ್ಟು, ಎಗರಾಟ ನಿಂತೊಡನೆ ಒಂದು ಪಕ್ಕಕ್ಕೆ ಮಲಗಿಸಿ, ಗಡಿಯಾರ ನೋಡಬೇಕು. ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗುವ ಮೊದಲೇ ಮತ್ತೆ ಬಂದರೆ, 108ಕ್ಕೆ ಕರೆ ಮಾಡಬೇಕು. ಪೂರ್ತಿ ಎಚ್ಚರವಾಗುವ ತನಕ ನೀರು ಕುಡಿಸಬಾರದು. ನಾನು ಇದನ್ನು ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿ ನಮ್ಮ ಕಚೇರಿಯ ಕಾಫಿ ಯಂತ್ರದ ಪಕ್ಕ ಅಂಟಿಸಿದ್ದೇನೆ.

ಪ್ರಶ್ನೆ ಕೇಳಿದವರಿಂದ: ಮಂಡ್ಯದ ಪ್ರಯಾಣಿಕೆ

ಇಷ್ಟು ಜನ ಇಷ್ಟು ಕಾಳಜಿಯಿಂದ ಬರೆಯುತ್ತೀರೆಂದು ನಾನು ಎಣಿಸಿರಲಿಲ್ಲ. ಹತ್ತು ದಿನ ತಡವಾಗಿ ಉತ್ತರಿಸುತ್ತಿದ್ದೇನೆ, ಕ್ಷಮಿಸಿ.

ತಂತ್ರಜ್ಞೆ ಅಮ್ಮ ಹೇಳಿದಂತೆ ಕ್ಯಾಲೆಂಡರ್ ಮತ್ತು ಹಾಜರಿ ಪಟ್ಟಿ ಎರಡನ್ನೂ ಇಟ್ಟುಕೊಂಡು ಕೂತೆ. ಹೌದು, ಎಂಟು ತಿಂಗಳ ಹಿಂದೆಯೇ ನನ್ನನ್ನು ಸುತ್ತುಪಾಳಿಗೆ ಹಾಕಿದ್ದರು. ಎರಡು ವಾರ ಹಗಲು, ಎರಡು ವಾರ ರಾತ್ರಿ. ಅದನ್ನು ಬರೆಯಬೇಕೆಂದೇ ನನಗೆ ತೋಚಿರಲಿಲ್ಲ. ನಾಲ್ಕರಲ್ಲಿ ಮೂರು ಫಿಟ್ಸ್ ರಾತ್ರಿ ಪಾಳಿ ಮುಗಿಸಿದ ಬೆಳಗ್ಗೆ, ಆರರಿಂದ ಹತ್ತು ಗಂಟೆಯೊಳಗೆ ಬಂದಿವೆ. ರೈಲಿನದ್ದು ಅಂಥ ಒಂದು ಬೆಳಗ್ಗೆ, ಬಿಸಿಲು ಬೀಳುವ ಕಿಟಕಿಯ ಬದಿ ಕೂತು ತೂಕಡಿಸುತ್ತಿದ್ದಾಗ. ಕಚೇರಿಯದ್ದು ಹಗಲು ಪಾಳಿಗೆ ಮರಳಿದ ಮೊದಲ ದಿನ. ಹಿಂದಿನ ರಾತ್ರಿ ನಿದ್ದೆ ಬರದೆ ಮೂರು ಗಂಟೆಯಷ್ಟೇ ಮಲಗಿದ್ದೆ, ಆ ಬೆಳಗಿನ ಮಾತ್ರೆ ಚೀಲದಲ್ಲೇ ಉಳಿದಿತ್ತು. ರಾತ್ರಿ ಪಾಳಿಯ ವಾರಗಳಲ್ಲಿ ಎರಡು ಮಾತ್ರೆಗಳ ನಡುವೆ ಹದಿನಾರು ಹದಿನೇಳು ಗಂಟೆ ಅಂತರ ಬೀಳುತ್ತಿತ್ತೆಂಬುದೂ ಬರೆದಾಗಲೇ ಕಂಡದ್ದು. ಈಗ ಮೊಬೈಲಿನಲ್ಲಿ ಬೆಳಗ್ಗೆ ಎಂಟಕ್ಕೂ ರಾತ್ರಿ ಎಂಟಕ್ಕೂ ಅಲಾರಂ ಇಟ್ಟಿದ್ದೇನೆ.

ಹಳೆಯ ಇಇಜಿ ವರದಿ ಅಮ್ಮನ ಕಬ್ಬಿಣದ ಪೆಟ್ಟಿಗೆಯಲ್ಲಿ, ರೇಷನ್ ಕಾರ್ಡಿನ ಜೊತೆ ಸಿಕ್ಕಿತು. ಮಿನುಗುವ ದೀಪಕ್ಕೆ ಅಸಹಜ ಪ್ರತಿಕ್ರಿಯೆ ಇಲ್ಲವೆಂದು ಸ್ಪಷ್ಟವಾಗಿ ಬರೆದಿದೆ. ಆ ಸಾಲನ್ನು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಕಂಪ್ಯೂಟರ್ ಅಲ್ಲವೇನೇ ಎಂದು ಕೇಳಿದರು. ಕೈ ಎಗರುವ ವಿಷಯವನ್ನು ಒಂಬತ್ತು ವರ್ಷಗಳಲ್ಲಿ ಮೊದಲ ಬಾರಿಗೆ ವೈದ್ಯರಿಗೆ ಹೇಳಲಿದ್ದೇನೆ. ಮುಂದಿನ ಗುರುವಾರಕ್ಕೆ ಸಮಯ ಸಿಕ್ಕಿದೆ. ಸ್ಕೂಟರನ್ನು ತಮ್ಮನಿಗೆ ಕೊಟ್ಟು ನಗರ ಬಸ್ಸಿನಲ್ಲಿ ಹೋಗುತ್ತಿದ್ದೇನೆ. ಖಾಯಂ ಹಗಲು ಪಾಳಿಗೆ ಅರ್ಜಿ ಬರೆದಿಟ್ಟಿದ್ದೇನೆ, ವೈದ್ಯರ ಪತ್ರ ಸಿಕ್ಕೊಡನೆ ಎರಡನ್ನೂ ಸೇರಿಸಿ ಕೊಡುತ್ತೇನೆ. ರಾಜೀನಾಮೆ ಪತ್ರದ ಕರಡನ್ನು ಅಳಿಸಿದೆ.

ಒಂದು ಸಂದೇಹ. ಆ ವರದಿ ಒಂಬತ್ತು ವರ್ಷ ಹಳೆಯದು. ಅದನ್ನೇ ನಂಬಬಹುದೇ?

ಉತ್ತರ: ನಿವೃತ್ತ ಇಇಜಿ ತಂತ್ರಜ್ಞೆ, ಮೈಸೂರು

ಬಹಳ ಸಮಾಧಾನವಾಯಿತು. ಹಳೆಯ ವರದಿ ಒಳ್ಳೆಯ ಸುಳಿವು, ಆದರೆ ಕೊನೆಯ ಮಾತಲ್ಲ. ಹೊಸದಾಗಿ ಮಾಡಿಸಲು ಹೇಳಿದರೆ ಮಾಡಿಸು. ಕೆಲವೊಮ್ಮೆ ಹಿಂದಿನ ರಾತ್ರಿ ನಿದ್ದೆ ಕಡಿಮೆ ಮಾಡಿ ಬರಲು ಹೇಳುತ್ತಾರೆ, ದಣಿದ ಮೆದುಳಿನಲ್ಲಿ ಅಡಗಿದ್ದದ್ದು ಕಾಣಿಸಿಕೊಳ್ಳುತ್ತದೆಂದು. ಅಂಥ ದಿನ ಒಬ್ಬಳೇ ರೈಲು ಹತ್ತಬೇಡ, ತಮ್ಮನನ್ನು ಜೊತೆಗೆ ಕರೆದುಕೊಂಡು ಬಾ. ತಲೆಗೆ ಎಣ್ಣೆ ಹಚ್ಚದೆ ತೊಳೆದುಕೊಂಡು ಬಾ, ಇಲ್ಲದಿದ್ದರೆ ತಂತಿ ಅಂಟುವುದಿಲ್ಲ. ಮಾತ್ರೆಯನ್ನು ಎಂದಿನಂತೆ ತೆಗೆದುಕೊಂಡೇ ಬರಬೇಕು, ಬಿಡಲು ವೈದ್ಯರೇ ಹೇಳಿದ್ದರೆ ಮಾತ್ರ ಬೇರೆ.

ಗುರುವಾರದೊಳಗೆ ಒಂದು ಕೆಲಸ ಮಾಡು. ಬೆಳಗ್ಗೆ ಕಾಫಿ ಕುಡಿಯುವ ಹೊತ್ತಿಗೆ ನಿನ್ನ ಕೈಯನ್ನು ತಮ್ಮನಿಗೆ ಮೊಬೈಲಿನಲ್ಲಿ ಚಿತ್ರೀಕರಿಸಲು ಹೇಳು, ಹತ್ತು ನಿಮಿಷ, ಎರಡು ಮೂರು ದಿನ. ಎಗರುವುದು ಒಮ್ಮೆ ಅದರಲ್ಲಿ ಸಿಕ್ಕಿದರೂ, ನೀನು ಅರ್ಧ ಗಂಟೆ ವಿವರಿಸುವುದಕ್ಕಿಂತ ಹೆಚ್ಚನ್ನು ವೈದ್ಯರು ಅದರಿಂದ ತಿಳಿದುಕೊಳ್ಳುತ್ತಾರೆ. ಲೋಟದಲ್ಲಿ ಬಿಸಿ ಕಾಫಿ ಬೇಡ, ತಣ್ಣೀರು ಇರಲಿ.